ಮಗನ ಮೈಲ್ಸ್, ಅಪ್ಪನ ಸೊಂಟ: ಟಿಕೆಟ್ ಕೌಂಟರಿನಿಂದ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದ ಒಳಗಿನ ವಿಮಾನದ ಬಗ್ಗೆಯೇ ಇವೆ. ನನಗೇನೂ ಆಶ್ಚರ್ಯ ಆಗಲಿಲ್ಲ. ನಮ್ಮ ದಾವಣಗೆರೆಯ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಮಕ್ಕಳು ಆ ದೇಶದ ಎರಡು ತುದಿಗೂ ಹೋಗಿ ಕೂತಿದ್ದಾರೆ. ಬೇಸಿಗೆ ಬಂತೆಂದರೆ ಪಿ.ಜೆ. ಬಡಾವಣೆಯ ನನ್ನ ಕೌಂಟರಿನ ಮುಂದೆ ಅಪ್ಪ–ಅಮ್ಮಂದಿರದೇ ಸಾಲು. ಒಬ್ಬರು ಬಾಣಂತನಕ್ಕೆ, ಒಬ್ಬರು ಗೃಹಪ್ರವೇಶಕ್ಕೆ. ಬೆಂಗಳೂರಿನಿಂದ ಅಮೆರಿಕಕ್ಕೆ ಟಿಕೆಟ್ ಸುಲಭ. ಅಲ್ಲಿ ಇಳಿದ ಮೇಲೆ ಮಗಳ ಮನೆಯಿಂದ ಮಗನ ಮನೆಗೆ ಹೋಗೋದೇ ತಲೆಬಿಸಿ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನನಗೆ ಸೊಂಟ ನೋವು, ಮನೆಯವರಿಗೆ ಮಂಡಿ ನೋವು. ಮಗಳು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಮಗ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಇದ್ದಾನೆ. ಮೊದಲು ಮಗಳ ಮನೆ, ಆಮೇಲೆ ಮಗನ ಮನೆ, ಮತ್ತೆ ಮಗಳ ಮನೆಗೆ ಬಂದು ಅಲ್ಲಿಂದ ಊರಿಗೆ ಅಂತ ಯೋಚನೆ. ಮಗನ ಕ್ರೆಡಿಟ್ ಕಾರ್ಡಿನಲ್ಲಿ ಪಾಯಿಂಟ್ಸ್ ಬೇಕಾದಷ್ಟಿವೆಯಂತೆ. ಅವನ್ನು ಮೈಲ್ಸ್ ಮಾಡಿ, ಹೋಗೋಕೂ ಬರೋಕೂ ಮಲಗುವ ಸೀಟು ಹಾಕಿಸುತ್ತೇನೆ ಅಂತಾನೆ. ಅವನ ಮೈಲ್ಸ್‌ನಲ್ಲಿ ನಾವು ಹೋಗಬಹುದೇ? ಅಷ್ಟೆಲ್ಲ ಬೇಕೇ?
— ವಿದ್ಯಾನಗರ, ದಾವಣಗೆರೆ

ಹೋಗಬಹುದು ಮೇಷ್ಟ್ರೇ. ಮೈಲ್ಸ್ ಅಂದರೆ ದೂರದ ಲೆಕ್ಕ ಅಲ್ಲ, ದುಡ್ಡಿನ ಬದಲು ಕೊಟ್ಟು ಟಿಕೆಟ್ ತಗೊಳ್ಳಬಹುದಾದ ಏರ್‌ಲೈನಿನ ಪಾಯಿಂಟ್ಸ್. ಅಮೆರಿಕದ ದೊಡ್ಡ ಏರ್‌ಲೈನ್‌ಗಳಲ್ಲಿ ಮೈಲ್ಸ್ ಒಬ್ಬರ ಖಾತೆಯಲ್ಲಿದ್ದರೂ ಟಿಕೆಟ್ ಯಾರ ಹೆಸರಿಗೆ ಬೇಕಾದರೂ ತೆಗೆಯಬಹುದು. ಮಗ ತನ್ನ ಖಾತೆಯಿಂದಲೇ ನಿಮ್ಮಿಬ್ಬರ ಹೆಸರು, ಹುಟ್ಟಿದ ದಿನ ಹಾಕಿ ಬುಕ್ ಮಾಡಲಿ. ಮೈಲ್ಸನ್ನು ನಿಮ್ಮ ಖಾತೆಗೆ ಕಳಿಸೋಕೆ ಹೋದರೆ ಅದಕ್ಕೇ ಬೇರೆ ದುಡ್ಡು ಕಿತ್ತುಕೊಳ್ಳುತ್ತಾರೆ. ಅದು ಬೇಡವೇ ಬೇಡ.

ಎರಡೂ ಕಡೆ ಬೇಕಾ ಅಂದರೆ, ನನ್ನ ಪ್ರಕಾರ ಬೇಡ. ಬರುವಾಗ ಒಂದೇ ಕಡೆ ಸಾಕು. ಯಾಕೆ ಅಂತ ಹೇಳ್ತೀನಿ.

ನ್ಯೂಯಾರ್ಕಿನ ಕೆನಡಿ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 2,586 ಮೈಲಿ. ನಮ್ಮ ಲೆಕ್ಕದಲ್ಲಿ 4,100 ಕಿಲೋಮೀಟರಿಗೂ ಜಾಸ್ತಿ. ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ, ಆರು ಗಂಟೆಯ ಮೇಲಾಗುತ್ತದೆ. ಆದರೆ ಅಲ್ಲಿಯ ಗಡಿಯಾರ ಮೂರು ಗಂಟೆ ಹಿಂದೆ. ಬೆಳಗ್ಗೆ ಒಂಬತ್ತಕ್ಕೆ ಹತ್ತಿದರೆ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಇಳಿದು ಮಗನ ಮನೆಯಲ್ಲಿ ಊಟ ಮಾಡಬಹುದು. ಹಗಲು ಹೊತ್ತು ಯಾರು ಮಲಗ್ತಾರೆ ಹೇಳಿ? ಕಿಟಕಿ ಸೀಟು ತಗೊಳ್ಳಿ. ಮೋಡ ಇಲ್ಲದಿದ್ದರೆ ರಾಕಿ ಬೆಟ್ಟಗಳು, ಆಮೇಲೆ ಸಿಯೆರಾ ನೆವಾಡಾ ಕಾಣುತ್ತವೆ. ಮಾಮೂಲಿ ಎಕಾನಮಿಯಲ್ಲೇ ಕಾಲು ಚಾಚೋಕೆ ಜಾಗ ಜಾಸ್ತಿ ಇರುವ ಸಾಲುಗಳಿರುತ್ತವೆ. ಸ್ವಲ್ಪ ದುಡ್ಡು ಹೆಚ್ಚು ಕೊಟ್ಟರೆ ಸಿಗುತ್ತವೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸೊಂಟ ತಡೆದುಕೊಳ್ಳುತ್ತದೆ.

ವಾಪಸ್ ಬರುವಾಗ ಲೆಕ್ಕ ತಿರುಗಾಮುರುಗಾ. ಮೇಲೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗಿರುತ್ತದೆ, ಐದು–ಐದೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಆದರೆ ಗಡಿಯಾರ ಮೂರು ಗಂಟೆ ಮುಂದೆ. ಮಗ ಆಫೀಸ್ ಮುಗಿಸಿ ನಿಮ್ಮನ್ನು ಬಿಡೋಕೆ ಬರುವಷ್ಟರಲ್ಲಿ ಉಳಿದಿರೋದು ರಾತ್ರಿಯ ವಿಮಾನವೇ. ಹತ್ತಕ್ಕೆ ಹೊರಟರೆ ಬೆಳಗ್ಗೆ ಆರೂವರೆಗೆ ನ್ಯೂಯಾರ್ಕು. ನಿಮ್ಮ ದೇಹಕ್ಕೆ ಆಗ ಇನ್ನೂ ಮೂರೂವರೆ. ಆ ರಾತ್ರಿಯನ್ನು ನೆಟ್ಟಗೆ ಕೂತು ಕಳೆದರೆ ಸೊಂಟ ನೋವಿನವರು ಎರಡು ದಿನ ಏಳಲ್ಲ. ಮಗನ ಮೈಲ್ಸ್ ಖರ್ಚಾಗಬೇಕಾದ್ದು ಅಲ್ಲಿ. ಹತ್ತಿದ ತಕ್ಷಣ ಊಟ ಬೇಡ ಅಂತ ಹೇಳಿ ಮಲಗಿಬಿಡಿ. ಏರುವುದು, ಇಳಿಯುವುದು ಕಳೆದರೆ ನಿದ್ದೆಗೆ ಉಳಿಯೋದು ನಾಲ್ಕು ಗಂಟೆ ಅಷ್ಟೇ. ಅದರಲ್ಲಿ ಒಂದನ್ನು ಊಟದ ಟ್ರೇ ಮುಂದೆ ಕಳೆಯೋದು ದಂಡ.

ಈಗ ಮಗ ನೋಡಬೇಕಾದ್ದು. ಅಮೆರಿಕದ ಒಳಗಿನ ವಿಮಾನದಲ್ಲಿ ‘ಫಸ್ಟ್ ಕ್ಲಾಸ್’ ಅಂತ ಬರೆದಿದ್ದರೆ ಬಹುಪಾಲು ಅದು ಅಗಲವಾದ, ಸ್ವಲ್ಪ ಹಿಂದಕ್ಕೆ ಬಾಗುವ ಕುರ್ಚಿ ಮಾತ್ರ. ಪೂರ್ತಿ ಚಪ್ಪಟೆಯಾಗಿ ಹಾಸಿಗೆ ಆಗುವ ಸೀಟು ಇರೋದು ಕೆಲವೇ ದಾರಿಗಳಲ್ಲಿ. ಅದರಲ್ಲಿ ಮುಖ್ಯವಾದವು ನ್ಯೂಯಾರ್ಕ್–ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್–ಸ್ಯಾನ್ ಫ್ರಾನ್ಸಿಸ್ಕೋ. ಡೆಲ್ಟಾ ಏರ್‌ಲೈನಿನವರು ಇದಕ್ಕೆ ಡೆಲ್ಟಾ ಒನ್ ಅಂತಾರೆ. ಜೆಟ್‌ಬ್ಲೂದವರು 2014ರಲ್ಲಿ ಮಿಂಟ್ ಅಂತ ಶುರು ಮಾಡಿದರು. ಅಮೆರಿಕನ್ ಏರ್‌ಲೈನ್ಸ್ ಕೂಡ ಅದೇ ವರ್ಷ ಈ ದಾರಿಗೆಂದೇ ಏರ್‌ಬಸ್ ಎ321ರಲ್ಲಿ ಬರೀ 102 ಸೀಟು ಹಾಕಿ ಹಾರಿಸಿತು. ಎಡಿಸನ್‌ಗೆ ಹತ್ತಿರ ನ್ಯೂವಾರ್ಕ್ ನಿಲ್ದಾಣ ಅಲ್ವಾ, ಅದು ಯುನೈಟೆಡ್ ಏರ್‌ಲೈನಿನ ಗಟ್ಟಿ ನೆಲೆ. ನಿಮ್ಮ ಅಳಿಯ ಬೆಳಗಿನ ಜಾವ ಕೆನಡಿ ತನಕ ಕಾರು ಓಡಿಸೋದಕ್ಕಿಂತ ನ್ಯೂವಾರ್ಕಿಗೆ ಬರೋದು ಸುಲಭ. ಹಾಗಾಗಿ ಮಗ ಮೊದಲು ಅಲ್ಲೇ ಹುಡುಕಲಿ.

ನ್ಯೂಯಾರ್ಕಿನ ಮೂರನೇ ನಿಲ್ದಾಣ ಲಾಗಾರ್ಡಿಯಾದ ಸಹವಾಸ ಬೇಡ. ಅಲ್ಲಿಂದ 1,500 ಮೈಲಿಗಿಂತ ದೂರಕ್ಕೆ ನೇರ ವಿಮಾನ ಹಾರಿಸಬಾರದು ಅಂತ ನಿಯಮ ಇದೆ. ಶನಿವಾರ ಮತ್ತು ಡೆನ್ವರ್ ಊರಿಗೆ ಮಾತ್ರ ವಿನಾಯಿತಿ. ಅಲ್ಲಿಗೆ ಟಿಕೆಟ್ ತೋರಿಸಿದರೆ ಮಧ್ಯೆ ಎಲ್ಲೋ ಇಳಿದು ಹತ್ತಬೇಕು ಅಂತಲೇ ಅರ್ಥ. ಮಧ್ಯೆ ಇಳಿದು ಹತ್ತುವ ದಾರಿಯಲ್ಲಿ ಹಾಸಿಗೆ ಸೀಟು ಸಿಗೋದೂ ಕಷ್ಟ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಇನ್ನೊಂದು ಗೇಟಿಗೆ ಓಡಿಸ್ತಾರೆ. ಮೈಲ್ಸ್ ಕಡಿಮೆ ತೋರಿಸಿತು ಅಂತ ಮಕ್ಕಳು ಇಂಥದ್ದನ್ನೇ ಒತ್ತಿಬಿಡ್ತಾರೆ. ನೇರ ವಿಮಾನವೇ ಬೇಕು ಅಂತ ಖಡಾಖಂಡಿತವಾಗಿ ಹೇಳಿ. ಬುಕ್ ಮಾಡುವ ಮೊದಲು ಸೀಟಿನ ನಕ್ಷೆ ತೆಗೆದು ನೋಡಲಿ. ‘ಲೈ–ಫ್ಲಾಟ್’ ಅಂತ ಬರೆದಿದೆಯಾ ಅಂತಲೂ ನೋಡಲಿ. ಒಂದೇ ದಾರಿಯಲ್ಲಿ ಒಂದೇ ಕಂಪನಿ ಎರಡು ಥರದ ವಿಮಾನ ಹಾಕೋದು ಮಾಮೂಲು.

ಎಷ್ಟು ಮೈಲ್ಸ್ ಬೇಕು? ಇದಕ್ಕೆ ಒಂದೇ ಅಂಕಿ ಹೇಳೋಕೆ ಬರಲ್ಲ. ಮೊದಲೆಲ್ಲ ಇಂಥ ದಾರಿಗೆ ಇಷ್ಟು ಅಂತ ಪಟ್ಟಿ ಇತ್ತು. ಡೆಲ್ಟಾ 2015ರಲ್ಲಿ ಪಟ್ಟಿ ತೆಗೆಯಿತು, ಯುನೈಟೆಡ್ 2019ರಲ್ಲಿ. ಈಗ ಎಪಿಎಂಸಿಯ ಮೆಕ್ಕೆಜೋಳದ ಧಾರಣೆ ಇದ್ದಹಾಗೆ, ದಿನಕ್ಕೊಂದು ರೇಟು. ಅದಕ್ಕೇ ಮಗನಿಗೆ ಒಂದು ಭಾಗಾಕಾರ ಮಾಡೋಕೆ ಹೇಳಿ. ದುಡ್ಡು ಕೊಟ್ಟರೆ ಅದೇ ಸೀಟಿಗೆ ಎಷ್ಟು ಡಾಲರ್ ಅಂತ ನೋಡಿ, ಅದನ್ನು ಕೇಳುತ್ತಿರುವ ಮೈಲ್ಸ್‌ನಿಂದ ಭಾಗಿಸಬೇಕು. ಉದಾಹರಣೆಗೆ ಟಿಕೆಟ್ 800 ಡಾಲರ್, ಮೈಲ್ಸ್ 40,000 ಅಂತಿಟ್ಟುಕೊಳ್ಳಿ. ಒಂದು ಮೈಲ್ಸ್ ಪಾಯಿಂಟಿಗೆ ಸುಮಾರು ಎರಡು ಸೆಂಟ್ ಬಿತ್ತು. ಒಳ್ಳೇ ವ್ಯಾಪಾರ, ತಗೊಳ್ಳಲಿ. ಅದೇ ಸೀಟಿಗೆ 90,000 ಕೇಳಿದರೆ ಒಂದು ಸೆಂಟೂ ಬೀಳಲ್ಲ. ಚೇಸ್ ಬ್ಯಾಂಕಿನಂಥ ಕಡೆ ಪಾಯಿಂಟ್ ಕೊಟ್ಟು ನಗದು ತಗೊಂಡರೇ ಒಂದಕ್ಕೆ ಒಂದು ಸೆಂಟ್ ಸಿಗುತ್ತದೆ. ಆಗ ಮೈಲ್ಸ್ ಮುಟ್ಟಬಾರದು, ಬೇರೆ ದಿನ ನೋಡಬೇಕು. ನವೆಂಬರಿನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ಜುಲೈ 4ರ ಅಕ್ಕಪಕ್ಕ ಯಾವಾಗಲೂ ಬೆಂಕಿ ರೇಟು. ನಿಮಗಂತೂ ರಜೆಯ ಹಂಗಿಲ್ಲ. ವಾರದ ಮಧ್ಯೆ ಬನ್ನಿ.

ಒಂದು ಎಚ್ಚರಿಕೆ. ಪಾಯಿಂಟ್ಸ್ ಬ್ಯಾಂಕಿನಲ್ಲಿ ಇರುವವರೆಗೆ ಮಗನ ಕೈಯಲ್ಲಿರುತ್ತವೆ. ಏರ್‌ಲೈನಿಗೆ ಕಳಿಸಿದ ಮೇಲೆ ವಾಪಸ್ ಬರಲ್ಲ. ಮೊದಲು ಸೀಟು ಇದೆಯಾ ಅಂತ ಏರ್‌ಲೈನಿನ ಸೈಟಿನಲ್ಲೇ ನೋಡಿ, ಆಮೇಲೆ ಕಳಿಸಲಿ. ಚೇಸ್‌ನಿಂದ ಯುನೈಟೆಡ್‌ಗೂ ಜೆಟ್‌ಬ್ಲೂಗೂ ಒಂದಕ್ಕೊಂದರಂತೆ ಹೋಗುತ್ತವೆ. ಅಮೆರಿಕನ್ ಎಕ್ಸ್‌ಪ್ರೆಸ್‌ನಿಂದ ಡೆಲ್ಟಾಗೆ ಹೋಗುತ್ತವೆ, ಯುನೈಟೆಡ್‌ಗೆ ಹೋಗಲ್ಲ. ಯಾವ ಕಾರ್ಡು ಅನ್ನೋದರ ಮೇಲೆ ಯಾವ ವಿಮಾನ ಅಂತ ತೀರ್ಮಾನ ಆಗುತ್ತದೆ.

ಕೈಯಿಂದ ಕೊಡಬೇಕಾದ ತೆರಿಗೆ ಒಬ್ಬರಿಗೆ ಒಂದು ಕಡೆಗೆ 5.60 ಡಾಲರ್ ಮಾತ್ರ. ಯೋಚನೆ ಬದಲಾದರೆ ರದ್ದು ಮಾಡಿದಾಗ ಮೈಲ್ಸ್ ಮಗನ ಖಾತೆಗೇ ವಾಪಸ್. ತೀರಾ ಅಗ್ಗದ ಬೇಸಿಕ್ ಎಕಾನಮಿ ಬಿಟ್ಟರೆ ಅಲ್ಲಿಯ ದೊಡ್ಡ ಕಂಪನಿಗಳು ಇದಕ್ಕೆ ದಂಡ ಹಾಕಲ್ಲ. ಹಾಗಾಗಿ ಒಳ್ಳೇ ರೇಟು ಕಂಡ ದಿನವೇ ಹಿಡಿದಿಟ್ಟು, ಆಮೇಲೆ ಇನ್ನೂ ಇಳಿದರೆ ಅದನ್ನು ಬಿಟ್ಟು ಇದನ್ನು ತಗೊಂಡರಾಯಿತು. ಯುನೈಟೆಡ್‌ನಲ್ಲಿ ಸುಮಾರು 11 ತಿಂಗಳು ಮೊದಲೇ ಸೀಟು ತೆರೆಯುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಕೇಳಲಾ? ಮತ್ತೆ ಮಗಳ ಮನೆಗೆ ಯಾಕೆ ಬರ್ತೀರಿ? ಮೊಮ್ಮಗುವನ್ನು ಇನ್ನೊಮ್ಮೆ ನೋಡೋಕಾದರೆ ಸಂತೋಷ. ಸುಮ್ನೆ ‘ರಿಟರ್ನ್ ಟಿಕೆಟ್ ನ್ಯೂಯಾರ್ಕಿನಿಂದ ಇದೆ’ ಅಂತಾದರೆ, ಇಳಿಯೋದು ನ್ಯೂಯಾರ್ಕಿಗೆ, ಹೊರಡೋದು ಸ್ಯಾನ್ ಫ್ರಾನ್ಸಿಸ್ಕೋದಿಂದ ಅಂತ ಮಲ್ಟಿ–ಸಿಟಿ ಟಿಕೆಟ್ ತಗೊಳ್ಳಬಹುದು. ಎಷ್ಟೋ ಸಲ ಬೆಲೆ ಅಷ್ಟೇ ಇರುತ್ತದೆ. ಆಗ ನಿಮಗೆ ಬೇಕಾಗೋದು ಹಗಲಿನ ಒಂದು ವಿಮಾನ ಮಾತ್ರ, ಮಗನ ಮೈಲ್ಸ್ ಪೂರ್ತಿ ಉಳಿಯುತ್ತದೆ. ಅದನ್ನು ಊರಿಗೆ ಬರುವ ದೊಡ್ಡ ಪ್ರಯಾಣಕ್ಕೆ ಕೂಡಿಡಲಿ. ಅದಕ್ಕೆ ಬೇಕಾಗುವ ಮೈಲ್ಸ್ ಇದರ ಎಷ್ಟೋ ಪಟ್ಟು, ಇಬ್ಬರಿಗೂ ಒಂದೇ ಸಲ ಸಿಗೋದೂ ಕಷ್ಟ. ಆದರೆ ಸೊಂಟಕ್ಕೆ ನಿಜವಾದ ಪರೀಕ್ಷೆ ಅಲ್ಲೇ ಇರೋದು.

ಪ್ರಶ್ನೆ: ಮಗಳು ಮೈಲ್ಸ್‌ನಲ್ಲಿ ನನಗೆ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿಗೆ ಬಿಸಿನೆಸ್ ಕ್ಲಾಸ್ ಬುಕ್ ಮಾಡಿದ್ದಾಳೆ. ಒಬ್ಬಳೇ ಹೋಗಬೇಕು, ಇಂಗ್ಲಿಷ್ ಅಷ್ಟಕ್ಕಷ್ಟೆ. ಪುಕ್ಕಟೆ ಟಿಕೆಟ್ ಅಂತ ಸರಿಯಾಗಿ ನೋಡಿಕೊಳ್ಳಲ್ವಾ? ನಾನು ಮೊಟ್ಟೆಯನ್ನೂ ಮುಟ್ಟುವವಳಲ್ಲ.
— ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಅಕ್ಕಾವ್ರೇ, ವಿಮಾನದಲ್ಲಿ ನೋಡಿಕೊಳ್ಳುವ ಹುಡುಗಿಯರಿಗೆ ನೀವು ದುಡ್ಡು ಕೊಟ್ಟು ಬಂದಿರೋ, ಮೈಲ್ಸ್‌ನಲ್ಲಿ ಬಂದಿರೋ ಅಂತ ಯೋಚಿಸೋಕೂ ಪುರುಸೊತ್ತಿರಲ್ಲ. ಸೀಟು ಅದೇ, ಹೊದಿಕೆ ಅದೇ. ಸಾಮಾನಿನ ಮಿತಿಯೂ ಅದೇ. ಇದು ನಿಮಗೆ ಲಾಭವೇ. ಯುನೈಟೆಡ್, ಜೆಟ್‌ಬ್ಲೂ ಮಿಂಟ್‌ನಂಥ ಕಡೆ ಎರಡು ಸೂಟ್‌ಕೇಸ್ ಪುಕ್ಕಟೆ, ಒಂದೊಂದು 32 ಕಿಲೋ ತನಕ. ಎಕಾನಮಿಯಲ್ಲಾದರೆ ಅಮೆರಿಕದ ಒಳಗೆ ಮೊದಲ ಸೂಟ್‌ಕೇಸಿಗೇ ಸಾಮಾನ್ಯವಾಗಿ ದುಡ್ಡು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ಎಲ್ಲ ಧಾರಾಳವಾಗಿ ಹೋಗುತ್ತೆ. ಉಪ್ಪಿನಕಾಯಿ ಮಾತ್ರ ಕೈಚೀಲದಲ್ಲಿ ಬೇಡ, ಸೂಟ್‌ಕೇಸಿಗೆ ಹಾಕಿ.

ಊಟದ ವಿಷಯ ಗಮನ ಇಟ್ಟು ಓದಿ. ಪಟ್ಟಿಯಲ್ಲಿ ‘ಹಿಂದೂ ಮೀಲ್’ ಅಂತ ಇರುತ್ತದೆ. ಅದನ್ನು ಒತ್ತಬೇಡಿ. ಅದರಲ್ಲಿ ದನದ ಮಾಂಸ ಇರಲ್ಲ ಅಷ್ಟೇ, ಕೋಳಿ, ಕುರಿ, ಮೀನು ಬರಬಹುದು. ನಿಮಗೆ ಬೇಕಾದ್ದು ‘ಏಷ್ಯನ್ ವೆಜಿಟೇರಿಯನ್’, ಅದರ ಗುರುತು ಎವಿಎಂಎಲ್. ಇಲ್ಲವಾದರೆ ಜೈನರ ಊಟ, ವಿಜೆಎಂಎಲ್. ಅಮೆರಿಕದ ಒಳಗಿನ ವಿಮಾನದಲ್ಲಿ ಎಲ್ಲ ಕಂಪನಿಯಲ್ಲೂ ಇದು ಸಿಗುತ್ತೆ ಅಂತಿಲ್ಲ, ಸಿಗುವ ಕಡೆಯೂ ಕನಿಷ್ಠ 24 ಗಂಟೆ ಮೊದಲೇ ಹೇಳಿರಬೇಕು. ಎರಡು ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಯಾರೂ ಏನೂ ಅನ್ನಲ್ಲ.

ಒಬ್ಬರೇ ಹೋಗುವ ಭಯಕ್ಕೆ ವೀಲ್‌ಚೇರ್ ಕೇಳಿ. ಅಮೆರಿಕದ ಕಾನೂನಿನಂತೆ ಅದು ಪುಕ್ಕಟೆ. ಮಂಡಿ ನೋವಿದ್ದು ದೂರ ನಡೆಯೋಕೆ ಆಗಲ್ಲ ಅಂದರೆ ಸಾಕು. ಬರೀ ಭಾಷೆಯ ಕಷ್ಟ ಇದ್ದರೆ ವೀಲ್‌ಚೇರ್ ಬೇಡ, ಗೇಟಿನವರೆಗೆ ಜೊತೆಗೆ ಬರುವ ಸಹಾಯ ಬೇಕು ಅಂತ ಮಗಳು ಏರ್‌ಲೈನಿಗೆ ಫೋನ್ ಮಾಡಿ ಕೇಳಲಿ. ನಿಜವಾಗಿ ನಡೆಯೋಕಾಗದವರು ಕಾಯುತ್ತಾ ಕೂತಿರುವಾಗ ನಮ್ಮ ಕಡೆಯ ಗಟ್ಟಿಮುಟ್ಟಾದವರು ಕುರ್ಚಿ ಹಿಡಿದು ಕೂರೋದು ನನಗೆ ಸರಿ ಕಾಣಲ್ಲ.

ಹೆಸರು ಇನ್ನೊಂದು ಗಲಾಟೆ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಇನಿಷಿಯಲ್‌ನಲ್ಲಿ ಇರುತ್ತವೆ. ಮಕ್ಕಳು ಅವಸರದಲ್ಲಿ ಅಮ್ಮನನ್ನು ಕರೆಯುವ ಹೆಸರನ್ನೇ ಹಾಕಿ ಮೈಲ್ಸ್ ಟಿಕೆಟ್ ಮಾಡಿಬಿಡ್ತಾರೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಇರಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮುಂದೆ ‘ಎಫ್‌ಎನ್‌ಯು’ ಅಂತ ಬಂದಿರುತ್ತದೆ. ಗಾಬರಿ ಬೇಡ. ಮೊದಲ ಹೆಸರು ಗೊತ್ತಿಲ್ಲ ಅನ್ನೋದಕ್ಕೆ ಅವರು ಹಾಕುವ ಗುರುತು ಅದು. ಅಂಥವರ ಟಿಕೆಟ್ಟನ್ನು ಏರ್‌ಲೈನಿಗೆ ಫೋನ್ ಮಾಡಿ ಕೇಳಿಯೇ ತೆಗೆಸಿ. ಅಂದಹಾಗೆ, ದೇಶದ ಒಳಗಿನ ವಿಮಾನವಾದರೂ ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳಕ್ಕೆ ಹಾಕಬೇಡಿ. ತಪಾಸಣೆಯಲ್ಲಿ ನಿಮ್ಮ ಗುರುತಿನ ಚೀಟಿ ಅದೇ. ಆಧಾರ್ ಅಲ್ಲಿ ನಡೆಯಲ್ಲ.

ಪ್ರಶ್ನೆ: ಎಣ್ಣೆ ವ್ಯಾಪಾರ ನನ್ನದು. ತಿಂಗಳ ಖರೀದಿಯನ್ನೆಲ್ಲ ಕ್ರೆಡಿಟ್ ಕಾರ್ಡಿಗೆ ಹಾಕಿದರೆ ಮಗಳ ಊರಿಗೆ ಬಿಸಿನೆಸ್ ಕ್ಲಾಸ್ ಹೋಗುವಷ್ಟು ಮೈಲ್ಸ್ ಆಗುತ್ತೆ ಅಂತ ಬ್ಯಾಂಕಿನ ಹುಡುಗ ಹೇಳಿದ. ನಿಜವೇ?
— ಚಳ್ಳಕೆರೆ

ಅರ್ಧ ನಿಜ. ನಮ್ಮ ದೇಶದಲ್ಲೂ ಕೆಲವು ಕಾರ್ಡುಗಳ ಪಾಯಿಂಟ್ಸನ್ನು ಏರ್‌ಲೈನಿಗೆ ಕಳಿಸಬಹುದು. ಆದರೆ ಪೆಟ್ರೋಲ್, ಬಾಡಿಗೆಯಂಥ ಖರ್ಚಿಗೆ ಎಷ್ಟೋ ಕಾರ್ಡಿನಲ್ಲಿ ಪಾಯಿಂಟೇ ಇಲ್ಲ. ಸ್ವಂತ ಖರ್ಚಿನ ಕಾರ್ಡಿಗೆ ವ್ಯಾಪಾರದ ಖರೀದಿ ಹಾಕಿದರೆ ಬ್ಯಾಂಕು ಪಾಯಿಂಟ್ ತಡೆಹಿಡಿಯಬಹುದು, ಕಾರ್ಡೇ ಮುಚ್ಚಬಹುದು. ಆ ಹುಡುಗ ಇದನ್ನು ಹೇಳಿರಲ್ಲ.

ಇನ್ನು ಬಡ್ಡಿ. ಒಂದು ತಿಂಗಳು ಬಾಕಿ ಉಳಿಸಿದರೆ ಶೇ 3.5ರ ಆಸುಪಾಸು, ಅದರ ಮೇಲೆ ಶೇ 18 ಜಿಎಸ್‌ಟಿ. ವರ್ಷಕ್ಕೆ ಶೇ 40 ದಾಟಿತು. ಮೈಲ್ಸ್‌ನಿಂದ ಸಿಗುವ ಲಾಭ ಅದರ ಹತ್ತಿರಕ್ಕೂ ಬರಲ್ಲ. ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟುವ ಶಿಸ್ತು ಇದ್ದರೆ ಮಾತ್ರ ಕೈ ಹಾಕಿ. ಮಾರಾಟದ ದುಡ್ಡು ತಡವಾಗಿ ಬರುವ ವ್ಯಾಪಾರ ನಿಮ್ಮದು, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರು ತಮ್ಮ ಮೈಲ್ಸ್‌ನಿಂದ ಅರ್ಧ ಬೆಲೆಗೆ ಬಿಸಿನೆಸ್ ಕ್ಲಾಸ್ ಮಾಡಿಕೊಡ್ತಾರಂತೆ. ತಗೊಳ್ಳಲಾ ಅಕ್ಕಾ?
— ಹರಿಹರ

ಬೇಡ ತಮ್ಮಾ. ಮೈಲ್ಸ್ ಮಾರೋದು ಏರ್‌ಲೈನ್‌ಗಳ ನಿಯಮಕ್ಕೆ ವಿರುದ್ಧ. ಗೊತ್ತಾದರೆ ಟಿಕೆಟ್ ರದ್ದು, ಅದೂ ನೀನು ಏರ್‌ಪೋರ್ಟಿಗೆ ಹೋದ ಮೇಲೆ ಗೊತ್ತಾಗಬಹುದು. ಕದ್ದ ಖಾತೆಯ ಮೈಲ್ಸ್ ಆಗಿದ್ದರೆ ಇನ್ನೂ ಫಜೀತಿ. ಅಕ್ಕ, ಅಣ್ಣ, ಗೆಳೆಯರು ಪ್ರೀತಿಯಿಂದ ಮಾಡಿಕೊಟ್ಟರೆ ತಗೋ. ದುಡ್ಡು ಕೇಳಿದರೆ ಬಿಡು.

ಪ್ರಶ್ನೆ: ನನ್ನ ಹತ್ತಿರ ಏರ್ ಇಂಡಿಯಾ ಪಾಯಿಂಟ್ಸ್ ಸ್ವಲ್ಪ ಇವೆ. ಬೆಂಗಳೂರು–ದೆಹಲಿಗೆ ಬಿಸಿನೆಸ್ ಕ್ಲಾಸ್ ಮಾಡಿಸಲೋ, ಅಮೆರಿಕದಲ್ಲಿ ಬಳಸಲೋ?
— ಹಿರಿಯೂರು

ದೆಹಲಿಗೆ ಮೂರು ಗಂಟೆಯೊಳಗಿನ ಹಗಲು ಪ್ರಯಾಣ. ಹಿರಿಯೂರಿನಿಂದ ಬೆಂಗಳೂರು ಏರ್‌ಪೋರ್ಟಿಗೆ ಹೋಗೋಕೇ ಅಷ್ಟು ಹೊತ್ತು ಬೇಕು! ಅಲ್ಲಿ ಖರ್ಚು ಮಾಡಬೇಡಿ. ಏರ್ ಇಂಡಿಯಾ 2014ರ ಜುಲೈಯಿಂದ ಸ್ಟಾರ್ ಅಲಯನ್ಸ್ ಕೂಟದಲ್ಲಿದೆ, ಯುನೈಟೆಡ್ ಕೂಡ ಅದರಲ್ಲೇ ಇದೆ. ಹಾಗಾಗಿ ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿನ ಪಾಯಿಂಟ್ಸ್ ಕೊಟ್ಟು ಯುನೈಟೆಡ್ ವಿಮಾನದಲ್ಲಿ ಅಮೆರಿಕದ ಒಳಗೆ ಹೋಗಬಹುದು. ಯುನೈಟೆಡ್ ತನ್ನ ಸ್ವಂತ ಗಿರಾಕಿಗಳಿಗೆ ಬಿಡುವ ಎಲ್ಲ ಸೀಟೂ ನಿಮಗೆ ಕಾಣಲ್ಲ, ಅದರಲ್ಲೂ ಹಾಸಿಗೆ ಸೀಟು ಅಪರೂಪ. ತಾರೀಖು ಒಂದೆರಡು ವಾರ ಆಚೀಚೆ ಆದರೂ ಪರವಾಗಿಲ್ಲ ಅನ್ನುವವರಿಗೆ ಮಾತ್ರ ಇದು ಕೂಡಿಬರುತ್ತೆ.

ಪ್ರಶ್ನೆ: ಅಪ್ಪ ಅಮ್ಮ ಕತಾರ್ ಏರ್‌ವೇಸ್‌ನಲ್ಲಿ ಬೆಂಗಳೂರಿನಿಂದ ದೋಹಾ ಮೇಲೆ ನ್ಯೂಯಾರ್ಕಿಗೆ ಬರ್ತಿದ್ದಾರೆ. ಅವರ ಹೆಸರಿನಲ್ಲಿ ಮೈಲ್ಸ್ ಖಾತೆ ತೆರೆದರೆ ಉಪಯೋಗ ಇದೆಯಾ?
— ಮೂಲತಃ ದಾವಣಗೆರೆ, ಈಗ ನ್ಯೂಜೆರ್ಸಿ

ತೆರೀರಿ, ದುಡ್ಡೇನೂ ಇಲ್ಲ. ಹೊರಡುವ ಮೊದಲೇ ತೆರೆದು ನಂಬರನ್ನು ಟಿಕೆಟಿಗೆ ಸೇರಿಸಿ. ಮರೆತರೆ ಆಮೇಲೆ ಕೇಳಿ ಪಡೆಯೋಕೆ ಬೋರ್ಡಿಂಗ್ ಪಾಸ್ ಬೇಕು, ಅದನ್ನು ಅಮ್ಮ ಯಾವುದೋ ಪುಸ್ತಕದೊಳಗೆ ಇಟ್ಟು ಮರೆತಿರ್ತಾರೆ. ಕತಾರ್‌ನವರು 2022ರಿಂದ ಏವಿಯೋಸ್ ಅನ್ನೋ ಪಾಯಿಂಟ್ಸ್ ಕೊಡ್ತಾರೆ. ಬ್ರಿಟಿಷ್ ಏರ್‌ವೇಸ್‌ನದೂ ಅದೇ, ಎರಡು ಖಾತೆ ಜೋಡಿಸಿ ಒಂದು ಮಾಡಬಹುದು. ಇವನ್ನು ಕೊಟ್ಟು ಅಮೆರಿಕನ್ ಏರ್‌ಲೈನ್ಸ್ ವಿಮಾನ ಹತ್ತಬಹುದು, ಕೆನಡಿಯಿಂದ ಲಾಸ್ ಏಂಜಲೀಸ್‌ಗೆ ಹೋಗುವುದೂ ಸೇರಿ. ಅಗ್ಗದ ಟಿಕೆಟಿನಲ್ಲಿ ಬಂದರೆ ಪಾಯಿಂಟ್ಸ್ ತೀರಾ ಕಡಿಮೆ ಬೀಳುತ್ತೆ, ಒಂದು ಪ್ರಯಾಣಕ್ಕೆ ಹಾಸಿಗೆ ಸೀಟು ಸಿಗೋ ಮಾತಿಲ್ಲ. ನಿಮ್ಮ ಕಾರ್ಡಿನ ಪಾಯಿಂಟ್ಸನ್ನು ನಿಮ್ಮ ಏವಿಯೋಸ್ ಖಾತೆಗೆ ಕಳಿಸಿ ಅಲ್ಲಿಂದ ಅವರಿಗೆ ಬುಕ್ ಮಾಡಿ. 36 ತಿಂಗಳು ಏನೂ ಅಲುಗಾಡದಿದ್ದರೆ ಏವಿಯೋಸ್ ಸತ್ತುಹೋಗುತ್ತವೆ, ಅದು ಅವರ ಖಾತೆಗೂ ಅನ್ವಯ. ಪಾಸ್‌ವರ್ಡನ್ನು ಅಪ್ಪನ ಡೈರಿಯಲ್ಲಿ ಮಾತ್ರ ಬರೆಸಬೇಡಿ, ನೀವೂ ಒಂದು ಕಡೆ ಬರೆದಿಟ್ಟುಕೊಳ್ಳಿ.